ಮೂಗು ಹೇಳಿದ ಉಪ್ಪು

ನನಗೆ ಹೆಮ್ಮೆ ಸ್ವಲ್ಪ ಜಾಸ್ತಿ. ಇದನ್ನು ಬೇರೆಯವರು ಹೇಳಲಿ ಎಂದು ಕಾಯದೆ ನಾನೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಬೇರೆಯವರಿಗೆ ಅದನ್ನು ಸರಿಯಾಗಿ ಹೇಳಲು ಬರುವುದಿಲ್ಲ. "ಪದ್ಮಂಗೆ ಜಂಬ" ಎಂದುಬಿಡುತ್ತಾರೆ. ಜಂಬ ಬೇರೆ, ಹೆಮ್ಮೆ ಬೇರೆ. ಇಲ್ಲದ್ದನ್ನು ಇದೆ ಎಂದುಕೊಳ್ಳುವುದು ಜಂಬ. ಇರುವುದನ್ನು ಇಲ್ಲವೆನ್ನಲು ಮನಸ್ಸು ಬಾರದಿರುವುದು ಹೆಮ್ಮೆ. ನನ್ನದು ಎರಡನೆಯದು. ಹಾಗೆ ನೋಡಿದರೆ ಹೆಮ್ಮೆಪಡಲು ನನಗೆ ಬೇಕಾದಷ್ಟು ವಿಷಯಗಳಿವೆ. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಗಣಿತ ಹೇಳಿಕೊಟ್ಟಿದ್ದೇನೆ. ಗಾಂಧಿಬಜಾರಿನಲ್ಲಿ ಹೂವು ಕೊಳ್ಳಲು ನಿಂತರೆ ಬೊಕ್ಕತಲೆಯ ಗಂಡಸರು "ನಮಸ್ಕಾರ ಮಿಸ್" ಎನ್ನುತ್ತಾ ಬಂದು, ಜೊತೆಗಿರುವ ಹೆಂಡತಿಗೆ "ಇವ್ರೇ ಕಣೇ ನನಗೆ ಸೊನ್ನೆ ಕೊಟ್ಟಿದ್ದು" ಎಂದು ಅಭಿಮಾನದಿಂದ ಪರಿಚಯ ಮಾಡಿಸುತ್ತಾರೆ. ಅದಕ್ಕೂ ನಾನು ಅಂಥಾ ಬೀಗುವವಳಲ್ಲ. ನಾನು ಬೀಗುವುದು ಒಂದೇ ಒಂದಕ್ಕೆ. ರುಚಿ ನೋಡದೆ ಉಪ್ಪು ಹೇಳುತ್ತೇನೆ.

ನಮ್ಮಂಥ ಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಹಬ್ಬದ ದಿನ ಮಡಿಯುಟ್ಟು ಮಾಡಿದ ಅಡುಗೆ ಮೊದಲು ದೇವರಿಗೆ. ದೇವರಿಗಿಂತ ಮುಂಚೆ ಅಡುಗೆಯವಳ ನಾಲಿಗೆಗೆ ಒಂದು ತೊಟ್ಟೂ ತಾಗಬಾರದು. ಮೂವತ್ತು ಜನರ ಹುಳಿ, ಸಾರು, ಗೊಜ್ಜು ಎಲ್ಲಕ್ಕೂ ಉಪ್ಪು ಹಾಕಬೇಕು, ಸರಿಯಾಗಿ ಹಾಕಬೇಕು, ಆದರೆ ಸರಿಯಾಗಿದೆಯೇ ಎಂದು ನೋಡಬಾರದು. ಹಾಗಾದರೆ ತಿಳಿಯುವುದು ಹೇಗೆ? ವಾಸನೆಯಲ್ಲಿ. ಉಪ್ಪಿಗೆ ವಾಸನೆ ಎಲ್ಲಿಂದ ಬಂತು ಎಂದು ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಒಂದು ಸಲ ಸ್ಟಾಫ್ ರೂಮಿನಲ್ಲಿ ನಕ್ಕಿದ್ದರು. ಉಪ್ಪಿಗೆ ಇಲ್ಲ ಸ್ವಾಮಿ, ಉಪ್ಪು ಬಿದ್ದ ಹುಳಿಗೆ ಇದೆ. ಉಪ್ಪು ಬೀಳುವ ಮುಂಚೆ ಬೇಳೆ ಬೇರೆ, ಹುಣಿಸೆ ಬೇರೆ, ಇಂಗು ಬೇರೆ ಎಂದು ಒಂದೊಂದೇ ಮೂಗಿಗೆ ಬರುತ್ತವೆ. ಉಪ್ಪು ಹದವಾಗಿ ಬಿತ್ತೋ, ಎಲ್ಲವೂ ಸೇರಿ ಒಂದೇ ಆಗುತ್ತವೆ. ಇದನ್ನು ನನಗೆ ಕಲಿಸಿದವರು ನಮ್ಮತ್ತೆ. ಮದುವೆಯಾಗಿ ಚಾಮರಾಜಪೇಟೆಯ ಈ ಮನೆಗೆ ಬಂದ ಮೊದಲ ಶ್ರಾವಣದಲ್ಲೇ ಒಲೆಯ ಮುಂದೆ ನಿಲ್ಲಿಸಿಕೊಂಡು, ಮುಚ್ಚಳ ಎತ್ತಿ, ಆವಿಯನ್ನು ಅಂಗೈಯಿಂದ ನನ್ನ ಕಡೆ ಬೀಸಿ ತೋರಿಸಿದರು. ಜೊತೆಗೆ ಒಂದು ನಿಯಮವನ್ನೂ ಹೇಳಿದರು. "ಪದ್ಮಾ, ಕೈ ಸ್ವಲ್ಪ ಬಿಗಿ ಇರ್ಲಿ. ಮೂಗು ಇನ್ನೊಂದು ಚೂರು ಬೇಕು ಅನ್ನತ್ತೆ. ಹಾಕ್ಬೇಡ. ಮಿಕ್ಕಿದ್ದು ದೇವ್ರು ನೋಡ್ಕೋತಾನೆ." ಅಂದಿನಿಂದ ನಾನು ಹಾಗೆಯೇ ಮಾಡುತ್ತಾ ಬಂದೆ. ದೇವರೂ ನೋಡಿಕೊಳ್ಳುತ್ತಾ ಬಂದ.

ದೇವರಿಗೂ ನನಗೂ ಮಧ್ಯೆ ನಮ್ಮ ಯಜಮಾನರಿದ್ದಾರೆ. ವಿಮೆ ಆಫೀಸಿನಲ್ಲಿದ್ದು ನಿವೃತ್ತರಾದವರು. ಮಾತು ಕಡಿಮೆ; ಪ್ರತಿಯೊಂದು ಮಾತಿಗೂ ಪ್ರೀಮಿಯಂ ಕಟ್ಟಬೇಕೇನೋ ಎನ್ನುವ ಹಾಗೆ ಇರುತ್ತಾರೆ. ನಮ್ಮಲ್ಲಿ ಅಡುಗೆಯ ಪಾತ್ರೆಗಳನ್ನೇ ದೇವರ ಮನೆಗೆ ಸಾಗಿಸುವ ಪದ್ಧತಿ. ದೇವರ ಎಲೆಗೆ ಎಲ್ಲವನ್ನೂ ಬಡಿಸಿ, ಬಾಗಿಲು ಮುಚ್ಚಿ, ಇವರೊಬ್ಬರೇ ಒಳಗೆ ಕುಳಿತು ನೈವೇದ್ಯ ಮಾಡುತ್ತಾರೆ. ದೇವರು ಊಟ ಮಾಡುವುದನ್ನು ಇಣುಕಿ ನೋಡಬಾರದಲ್ಲ! ಆಮೇಲೆ ದೇವರ ಎಲೆಯಲ್ಲಿದ್ದದ್ದನ್ನು ಆಯಾ ಪಾತ್ರೆಗೆ ಬೆರೆಸಿ ಸೌಟಿನಿಂದ ಕಲಕುತ್ತಾರೆ. ಅಲ್ಲಿಗೆ ಇಡೀ ಅಡುಗೆ ಪ್ರಸಾದ. ಆಮೇಲೆಯೇ ಬಾಗಿಲು ತೆರೆಯುವುದು, ಎಲೆ ಹಾಕುವುದು, ನನ್ನ ಹುಳಿಯನ್ನು ಜನ ಸುರಿದುಕೊಂಡು ಉಣ್ಣುವುದು. ಇಷ್ಟು ವರ್ಷದಲ್ಲಿ ಒಬ್ಬರೇ ಒಬ್ಬರು, ಎಲೆಯ ತುದಿಗೆ ಬಡಿಸಿದ ಉಪ್ಪನ್ನು ಮುಟ್ಟಿದ್ದನ್ನು ನಾನು ಕಂಡಿಲ್ಲ. ನೆಂಟರಲ್ಲಿ ನನಗೆ ಉಪ್ಪಿನ ಪದ್ಮಕ್ಕ ಎಂದೇ ಹೆಸರು. ಆ ಹೆಸರಿನ ಬಲದಿಂದಲೇ ಶ್ರಾವಣದ ಕಡೇ ಶನಿವಾರದ ದೊಡ್ಡ ಊಟ ಪ್ರತಿವರ್ಷವೂ ನಮ್ಮ ಮನೆಯಲ್ಲಿ ನಡೆಯುವುದು.

ಇದು ಮಲ್ಲೇಶ್ವರಕ್ಕೆ ಸಹಿಸದು. ಮಲ್ಲೇಶ್ವರ ಎಂದರೆ ನನ್ನ ಓರಗಿತ್ತಿ ವಿಶಾಲು, ಇವರ ತಮ್ಮನ ಹೆಂಡತಿ. ಒಳ್ಳೆಯವಳೇ, ಆದರೆ ಮಲ್ಲೇಶ್ವರದವಳು. ನಮ್ಮ ಬಡಾವಣೆ ಹಳೆಯದು ಎಂದರೆ, ನಮ್ಮದು ಮರಗಳಿರುವ ಬಡಾವಣೆ ಎನ್ನುತ್ತಾಳೆ. ನಾವು ವಿ.ವಿ. ಪುರಂ ತಿಂಡಿ ಬೀದಿಯ ಬಗ್ಗೆ ಹೇಳಿದರೆ, ಅವರ ಕ್ರಾಸಿನ ದೋಸೆಯ ಬಗ್ಗೆ ಹೇಳುತ್ತಾಳೆ. ಅವಳಲ್ಲಿ ನಾನು ಕಂಡಿರುವ ದೊಡ್ಡ ದೋಷವೆಂದರೆ, ಮಾಮೂಲಿ ದಿನಗಳಲ್ಲಿ ಸೌಟಿನಿಂದ ಅಂಗೈಗೆ ಸಾರು ಹಾಕಿಕೊಂಡು ಸೊರ್ರೆಂದು ನೆಕ್ಕಿ ಉಪ್ಪು ನೋಡುತ್ತಾಳೆ. ಹಾಗೆ ನೋಡಿ ಹಾಕಿದರೆ ಯಾರಿಗೆ ಬರುವುದಿಲ್ಲ? ಪುಸ್ತಕದ ಹಿಂದೆ ಉತ್ತರ ನೋಡಿಕೊಂಡು ಲೆಕ್ಕ ಮಾಡಿದ ಹಾಗೆ! ಈ ವರ್ಷ ಶ್ರಾವಣಕ್ಕೆ ಮುಂಚೆಯೇ ಫೋನ್ ಮಾಡಿ, "ಅಕ್ಕಾ, ನಿಮ್ಗೂ ವಯಸ್ಸಾಯ್ತು. ಮುಂದಿನ ವರ್ಷದಿಂದ ಕಡೇ ಶನಿವಾರ ನಮ್ಮನೇಲೇ ಇಟ್ಕೊಳ್ಳೋಣ, ಅಡುಗೆಯವ್ರನ್ನ ಕರೆಸ್ತೀವಿ" ಎಂದಳು. ಅವಳ ದನಿಯಲ್ಲಿ ಪ್ರೀತಿಯಿತ್ತು. ಅದೇ ನನಗೆ ಹೆಚ್ಚು ಚುಚ್ಚಿದ್ದು. "ಈ ವರ್ಷ ಊಟ ಮಾಡಿ ನೋಡೇ, ಆಮೇಲೆ ನೀನೇ ಹೇಳು" ಎಂದೆ. ಅಂದರೆ ಪಂದ್ಯ ಕಟ್ಟಿದಂತಾಯಿತು.

ಇಷ್ಟೆಲ್ಲ ನೆಟ್ಟಗಿದ್ದ ಸಂಸಾರದಲ್ಲಿ ತಕರಾರು ಶುರುವಾದದ್ದು ಸೊಸೆಯಿಂದ. ಸೊಸೆ ಸಿಂಧು ಬಂಗಾರದಂಥ ಹುಡುಗಿ, ಜಗಳಗಂಟಿಯಲ್ಲ. ಆದರೆ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪಾಠ ಮಾಡುತ್ತಾಳೆ. ಜಗಳವನ್ನಾದರೂ ಒಂದು ದಿನಕ್ಕೆ ಮುಗಿಸಬಹುದು, ತತ್ತ್ವಶಾಸ್ತ್ರವನ್ನು ಹಾಗೆ ಮುಗಿಸಲಾಗುವುದಿಲ್ಲ. ಒಂದು ಬೆಳಿಗ್ಗೆ ಗೇಟಿಗೆ ನೇತುಹಾಕಿದ ಚೀಲ ಉಬ್ಬಿದ್ದನ್ನು ಕಿಟಕಿಯಿಂದ ಕಂಡು, "ಸಿಂಧೂ, ಹಾಲು ಬಂತು, ತಗೊಂಬಾಮ್ಮ" ಎಂದೆ. ಅವಳು ಹೋಗಿ ನೋಡಿದರೆ ಚೀಲದೊಳಗೆ ಇದ್ದದ್ದು ಎದುರುಮನೆಯವರು ವಾಪಸು ಮಾಡಿದ್ದ ನಮ್ಮ ಚಕ್ಕುಲಿ ಡಬ್ಬಿ. ಹಾಲಿನ ಪ್ಯಾಕೆಟ್ಟು ಪಕ್ಕದ ಕಾಂಪೌಂಡ್ ಗೋಡೆಯ ಮೇಲೆ ತಣ್ಣಗೆ ಕುಳಿತಿತ್ತು. "ನಾ ಹೇಳ್ಲಿಲ್ವಾ ಹಾಲು ಬಂದಿದೆ ಅಂತ" ಎಂದೆ. ಸಿಂಧುವಿನ ಕಣ್ಣು ಮಿಂಚಿತು. ಅವಳ ಕಣ್ಣು ಹಾಗೆ ಮಿಂಚಿದರೆ ಕಾಫಿ ತಡವಾಯಿತೆಂದೇ ಅರ್ಥ.

"ಅತ್ತೆ, ನೀವು ಹೇಳಿದ್ದು ನಿಜ ಆಯ್ತು. ಆದ್ರೆ ಹಾಲು ಬಂದಿದ್ದು ನಿಮಗೆ ಗೊತ್ತಿರ್ಲಿಲ್ಲ."

"ಗೊತ್ತಿಲ್ದೆ ಹೇಗೆ ಹೇಳ್ದೆ?"

"ನಂಬಿದ್ರಿ. ನಂಬಿದ್ದು ಅದೃಷ್ಟಕ್ಕೆ ನಿಜ ಆಗಿತ್ತು. ನೀವು ಚೀಲ ನೋಡಿ ನಂಬಿದ್ರಿ, ಆ ಚೀಲಕ್ಕೂ ಹಾಲಿಗೂ ಸಂಬಂಧಾನೇ ಇರ್ಲಿಲ್ಲ. ನಂಬಿಕೆ ನಿಜ ಆಗಿದ್ರೆ ಸಾಲದು ಅತ್ತೆ, ಅದಕ್ಕೆ ಸರಿಯಾದ ಆಧಾರ ಇರ್ಬೇಕು. ಆಗ್ಲೇ ಅದು ತಿಳಿವಳಿಕೆ."

ಬೇರೆ ಅತ್ತೆಯಾಗಿದ್ದರೆ ಸಿಟ್ಟಾಗುತ್ತಿದ್ದಳೋ ಏನೋ. ನನಗೆ ಅವಳನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. ಯಾಕೆಂದರೆ ಇದು ನನ್ನದೇ ಸಿದ್ಧಾಂತ. ನನ್ನ ತರಗತಿಯಲ್ಲಿ ಉತ್ತರ ಸರಿ ಬಂದಿದ್ದರೂ ಸ್ಟೆಪ್ಸ್ ಬರೆಯದವರಿಗೆ ಸೊನ್ನೆ. "ಉತ್ತರ ಸರಿ, ವಿಧಾನ ತಪ್ಪು" ಎಂದು ಎಷ್ಟು ಕೆಂಪು ಶಾಯಿ ಸುರಿಸಿದ್ದೇನೋ! ಪಕ್ಕದವನದು ನೋಡಿ ಬರೆದವನಿಗೂ, ಕಣ್ಣುಮುಚ್ಚಿ ಹೊಡೆದವನಿಗೂ, ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಸರಿಯಾದವನಿಗೂ ನನ್ನಲ್ಲಿ ಒಂದೇ ಕಾನೂನು. ಇದನ್ನು ಸಿಂಧುವಿಗೆ ಹೇಳಿದೆ. ಅವಳು ಮೆಚ್ಚಿಕೊಂಡು ತಲೆಯಾಡಿಸಿ, ಕಾಫಿ ಲೋಟ ಕೈಗೆ ಕೊಟ್ಟು, ಬಹಳ ವಿನಯದಿಂದ ಕೇಳಿದಳು. "ಹಾಗಾದ್ರೆ ಅತ್ತೆ, ಹುಳಿಗೆ ಉಪ್ಪು ಸರಿ ಇದೆ ಅಂತ ನಿಮಗೆ ಹೇಗೆ ಗೊತ್ತಾಗತ್ತೆ?"

"ವಾಸನೇಲಿ."

"ವಾಸನೆ ಸರಿಯಾಗಿ ಹೇಳತ್ತೆ ಅಂತ ಹೇಗೆ ಗೊತ್ತು?"

"ಇಷ್ಟು ವರ್ಷದಲ್ಲಿ ಒಬ್ಬರೂ ಉಪ್ಪು ಕಮ್ಮಿ ಅಂದಿಲ್ವಲ್ಲಮ್ಮ."

"ಉಪ್ಪು ಸರಿ ಇರೋದಕ್ಕೇ ಅನ್ನಲ್ಲ ಅಂತ ಹೇಗೆ ಗೊತ್ತು? ನಿಮ್ಮ ಹೆದರಿಕೆಗೂ ಇರಬಹುದಲ್ಲ?"

ನಾನು ಒಂದು ಗುಟುಕು ಕಾಫಿ ಕುಡಿದು, "ನಮ್ಮತ್ತೆ ಹೇಳಿಕೊಟ್ಟಿದ್ದು" ಎಂದೆ. ಅವರಿಗೆ ಹೇಗೆ ಗೊತ್ತು ಎಂದಳು. ಅವರತ್ತೆ ಹೇಳಿಕೊಟ್ಟಿದ್ದು ಎಂದೆ. ಅವಳು ಲೆಕ್ಕ ಹಾಕುವ ಹಾಗೆ ಬೆರಳು ಮಡಿಸತೊಡಗಿದಳು. ಹೀಗೆ ಒಂದು ಆಧಾರಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು ಎಂದು ಹೋಗುತ್ತಲೇ ಇದ್ದರೆ ಎಲ್ಲಿ ನಿಲ್ಲುವುದು ಎನ್ನುವುದೇ ತಮ್ಮ ಸಬ್ಜೆಕ್ಟಿನ ದೊಡ್ಡ ತಲೆನೋವು ಎಂದು ವಿವರಿಸಿದಳು. ನಾನು ಬಿಡುತ್ತೇನೆಯೇ? "ರೇಖಾಗಣಿತದಲ್ಲಿ ಸ್ವಯಂಸಿದ್ಧ ಅಂತ ಇರತ್ತೆ ಸಿಂಧು. ಅದನ್ನ ಸಾಧಿಸೋ ಹಾಗಿಲ್ಲ, ಒಪ್ಕೋಬೇಕು. ಈ ಮನೇಲಿ ನಮ್ಮತ್ತೆ ಸ್ವಯಂಸಿದ್ಧ. ಅಲ್ಲಿಗೆ ನಿಲ್ಲತ್ತೆ" ಎಂದೆ. ಪೇಪರಿನ ಹಿಂದೆ ಇವರು ಕೆಮ್ಮಿದರು. ಇವರು ಆ ಹೊತ್ತಿನಲ್ಲಿ ಕೆಮ್ಮುವುದು ಹೊಸದೇನಲ್ಲವಾದ್ದರಿಂದ ನಾನು ಲಕ್ಷ್ಯ ಕೊಡಲಿಲ್ಲ.

ಶ್ರಾವಣದ ಎರಡನೇ ಶನಿವಾರ ನನಗೆ ಭಾರೀ ನೆಗಡಿ. ಮೂಗು ಎಂಬ ಅಂಗವೇ ಮುಖದ ಮೇಲೆ ಇಲ್ಲವೇನೋ ಎಂಬಷ್ಟು ಕಟ್ಟಿಹೋಗಿತ್ತು. ಇಂಗಿನ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದರೂ ಸುಣ್ಣದ ಡಬ್ಬಿ ಹಿಡಿದ ಹಾಗೆ. ಆ ದಿನ ಬರೀ ಮನೆಯವರೇ, ನೆಂಟರಿಲ್ಲ. ಹುಳಿ ಕುದಿಯುತ್ತಿತ್ತು. ಮುಚ್ಚಳ ಎತ್ತಿದೆ, ಆವಿ ಬೀಸಿಕೊಂಡೆ, ಮುಖ ಬೆವರಿತೇ ಹೊರತು ಇನ್ನೇನೂ ತಿಳಿಯಲಿಲ್ಲ. ಆದರೂ ಅಭ್ಯಾಸಬಲದಿಂದ ಕೈ ಡಬ್ಬಿಗೆ ಹೋಯಿತು, ತೆಗೆಯಿತು, ಹಾಕಿತು. ಸಿಂಧು ಬಾಗಿಲಲ್ಲಿ ನಿಂತು, "ಹೇಗಿದೆ ಅತ್ತೆ ಉಪ್ಪು?" ಎಂದು ಕೇಳಿದಳು. "ಸರಿಯಾಗಿದೆ" ಎಂದೆ, ಆದರೆ ಕಟ್ಟಿದ ಮೂಗಿನಿಂದಾಗಿ ಆ ಮಾತು ಯಾರೋ ಬಾವಿಯೊಳಗಿಂದ ಹೇಳಿದಂತೆ ಬಂತು. ಊಟಕ್ಕೆ ಕುಳಿತಾಗ ಅವಳು ಹುಳಿಯನ್ನ ಬಾಯಿಗಿಟ್ಟು, ಕಣ್ಣರಳಿಸಿ, ಎರಡನೇ ತುತ್ತು ತಿಂದು, "ಅತ್ತೆ, ಉಪ್ಪು ಪರ್ಫೆಕ್ಟ್! ಮೂಗು ಕೆಲಸ ಮಾಡ್ತಿಲ್ಲ, ಆದ್ರೂ ಪರ್ಫೆಕ್ಟ್!" ಎಂದು ಕೂಗಿಬಿಟ್ಟಳು.

ಮಾರನೆಯ ದಿನ ಸಂಜೆಯ ಕಾಫಿಯವರೆಗೂ ಅವಳು ಅದೇ ಗುಂಗಿನಲ್ಲಿದ್ದಳು. ನಾನು ಇಷ್ಟು ವರ್ಷ ಕೊಡುತ್ತಿದ್ದ ಕಾರಣವೇ ತಪ್ಪಂತೆ. ಮೂಗಲ್ಲವಂತೆ, ಕೈಯಂತೆ. "ಕೈಗೆ ಗೊತ್ತಿದೆ ಅತ್ತೆ. ಕಾರಣ ಕೇಳಿದ್ರೆ ಹೇಳಕ್ಕೆ ಬರಲ್ಲ, ಆದ್ರೆ ಪ್ರತಿಸಲ ಸರಿಯಾಗೇ ಬರತ್ತೆ. ನಂಬಿಕೆಗೆ ಅಷ್ಟು ಆಧಾರ ಸಾಕು ಅನ್ನೋ ಪಂಥಾನೇ ಇದೆ. ನಾಳೆ ಕ್ಲಾಸಲ್ಲಿ ನಿಮ್ಮನ್ನೇ ಉದಾಹರಣೆ ಕೊಡ್ತೀನಿ!" ನಾನು ನನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಇಷ್ಟು ದಿನ ಈ ಕೈಯಲ್ಲಿ ಪಾತ್ರೆ ತೊಳೆದೆನಲ್ಲ, ಎಂಥ ಅನ್ಯಾಯ ಎನ್ನಿಸಿತು. ಕಾಲೇಜಿನಲ್ಲಿ ನನ್ನ ಪಾಠ! ಆಗ ನಮ್ಮ ಯಜಮಾನರು ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು.

"ಬೇಡಮ್ಮ ಸಿಂಧು. ಪಾಪ, ಅಷ್ಟು ಜನ ಮಕ್ಕಳಿಗೆ ತಪ್ಪು ಪಾಠ ಆಗತ್ತೆ."

"ಯಾಕ್ ಮಾವ?"

ಇವರು ನನ್ನ ಕಡೆ ನೋಡಲಿಲ್ಲ. ಕಿಟಕಿಯಾಚೆಗೆ ನೋಡುತ್ತಾ, "ದೇವರ ಮನೇಲಿ ಅರಿಶಿನದ ಬಟ್ಟಲ ಪಕ್ಕ ಒಂದು ಬೆಳ್ಳಿ ಡಬ್ಬಿ ಇದೆಯಲ್ಲ ಪದ್ಮಾ, ಅದರಲ್ಲಿ ಏನಿದೆ ಅಂದ್ಕೊಂಡಿದೀಯ?" ಎಂದರು.

"ಪಚ್ಚಕರ್ಪೂರ."

"ಪುಡಿ ಉಪ್ಪು."

ನನಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಅರ್ಥವಾಗತೊಡಗಿದಾಗ ಬೇಡವಾಗಿತ್ತು ಎನ್ನಿಸಿತು. ನೈವೇದ್ಯವಾದ ಮೇಲೆ, ಬಾಗಿಲು ತೆರೆಯುವ ಮುಂಚೆ, ಇವರು ಪ್ರಸಾದವೆಂದು ಒಂದು ತೊಟ್ಟು ಹುಳಿಯನ್ನು ಅಂಗೈಗೆ ಹಾಕಿಕೊಂಡು ನೋಡುತ್ತಿದ್ದರಂತೆ. ದೇವರ ಎಲೆಯದನ್ನು ಪಾತ್ರೆಗೆ ಬೆರೆಸುವಾಗ ಡಬ್ಬಿಯಿಂದ ಬೇಕಾದಷ್ಟು ಉದುರಿಸಿ ಕಲಕಿಬಿಡುತ್ತಿದ್ದರಂತೆ. "ಪ್ರತಿಸಲಾನಾ?" ಎಂದೆ. "ಕೆಲವು ಸಲ ಒಂದು ಚಿಟಿಕೆ, ಜನ ಜಾಸ್ತಿ ಇದ್ರೆ ಒಂದು ಚಮಚ" ಎಂದರು. "ಯಾವತ್ತಾದ್ರೂ ಏನೂ ಹಾಕ್ದೇ ಇದ್ದದ್ದು ಉಂಟಾ?" ಎಂದು ಕೇಳಿದೆ. ಇವರು ಫ್ಯಾನಿನ ಕಡೆ ನೋಡಿದರು.

"ನಿಮಗೆ ಇದನ್ನ ಯಾರು ಹೇಳ್ಕೊಟ್ರು?"

"ಅಮ್ಮ. ಅಮ್ಮನ ಅಡುಗೆಗೆ ಅಪ್ಪ ಹಾಕ್ತಿದ್ರು. ಅಮ್ಮಂಗೆ ಅದು ಗೊತ್ತಿತ್ತು. ನೀನು ಅಡುಗೆಗೆ ನಿಂತಾಗ ಆ ಡಬ್ಬಿ ನನ್ನ ಕೈಗೆ ಕೊಟ್ಟು, 'ನಿನ್ನ ಹೆಂಡ್ತಿ ಕೈ ಚೆನ್ನಾಗಿದೆ ಕಣೋ, ಹೆಮ್ಮೆನೂ ಇದೆ. ಎರಡನ್ನೂ ಉಳಿಸ್ಕೋ' ಅಂದ್ಳು."

ಮಿಕ್ಕಿದ್ದು ದೇವರು ನೋಡ್ಕೋತಾನೆ! ನೋಡಿಕೊಳ್ಳುತ್ತಿದ್ದ ದೇವರು ಪಂಚೆಯುಟ್ಟುಕೊಂಡು ಮಣೆಯ ಮೇಲೆ ಕುಳಿತಿದ್ದ. ಕೈ ಬಿಗಿ ಹಿಡಿ ಎಂದು ಅತ್ತೆ ಹೇಳಿದ್ದರ ಮರ್ಮವೂ ಆಗ ಹೊಳೆಯಿತು. ಕಮ್ಮಿಯಾದರೆ ಸೇರಿಸಬಹುದು, ಜಾಸ್ತಿಯಾದರೆ ಅವರ ಮಗ ಏನು ಮಾಡಿಯಾನು? ನಮ್ಮ ಸ್ವಯಂಸಿದ್ಧವೇ ಈ ಪಿತೂರಿಯ ಮೂಲ. ಸಿಂಧು ಪಾಪ ನಗು ಬರದಿರಲೆಂದು ಸೆರಗಿಲ್ಲದ ಚೂಡಿದಾರದಲ್ಲಿ ಸೆರಗು ಹುಡುಕುತ್ತಿದ್ದಳು. "ಉತ್ತರ ಸರಿ, ವಿಧಾನ ತಪ್ಪು" ಎಂದು ಯಾರೂ ಹೇಳಲಿಲ್ಲ. ಯಾರಾದರೂ ಹೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ನನಗೆ ನಿಜವಾಗಿಯೂ ದುಃಖವಾಯಿತು. ಹೆಸರು ಹೋದೀತು ಎಂದಲ್ಲ, ಇನ್ನೂ ಯಾರಿಗೂ ಗೊತ್ತಾಗಿರಲಿಲ್ಲ. ಆ ಹೆಸರು ಯಾವತ್ತಾದರೂ ನನ್ನದಾಗಿತ್ತೇ ಎಂಬುದೇ ಗೊತ್ತಾಗದೆ ಹೋಯಿತಲ್ಲ ಎಂದು.

ಆಮೇಲೆ ಕೆಲವು ದಿನ ಇವರಿಗೆ ಬಡಿಸಿದ ಸಾರಿಗೆ ನಾನು ಉಪ್ಪೇ ಹಾಕಲಿಲ್ಲ. "ಬೆಳ್ಳಿ ಡಬ್ಬಿ ಇದೆಯಲ್ಲ, ಹಾಕ್ಕೊಳ್ಳಿ" ಎಂದೆ. ಇವರು ಹಾಗೆಯೇ ಉಂಡರು. ಬಿ.ಪಿ.ಗೆ ಒಳ್ಳೆಯದೇ ಆಯಿತು ಎಂದು ಡಾಕ್ಟರು ಹೇಳಿದ್ದರಿಂದ ಶಿಕ್ಷೆಯೂ ದಂಡವಾಯಿತು. ಅಷ್ಟರಲ್ಲಿ ಕಡೇ ಶನಿವಾರ ಹತ್ತಿರ ಬಂತು. ವಿಶಾಲು ಮತ್ತೆ ಫೋನ್ ಮಾಡಿ, "ಅಕ್ಕಾ, ಸಾಮಾನು ಏನಾದ್ರೂ ತರ್ಲಾ?" ಎಂದು ಕೇಳಿದಳು. ಏನೂ ಬೇಡ ಎಂದೆ. ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಬೆಳ್ಳಿ ಡಬ್ಬಿಯನ್ನು ಕಿತ್ತುಕೊಂಡು, ಖಾಲಿ ಮಾಡಿ, ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ನೈವೇದ್ಯದ ಹೊತ್ತಿಗೆ ಸಿಂಧು ಒಳಗೇ ನಿಂತಿರಬೇಕು, ದೇವರನ್ನಲ್ಲ, ಮಾವನ ಕೈಯನ್ನು ನೋಡುತ್ತಾ. "ಅತ್ತೆ, ಮಾವ ಹಾಕ್ಲಿ ಬಿಡಿ. ಅದೂ ಒಂಥರಾ ಪದ್ಧತೀನೇ. ಸೋತುಹೋದ್ರೆ ಊಟ ಮಲ್ಲೇಶ್ವರಕ್ಕೆ ಹೋಗಿಬಿಡತ್ತೆ" ಎಂದು ಸಿಂಧು ಕೈಹಿಡಿದುಕೊಂಡಳು. "ಹೋಗ್ಲಿ. ಉತ್ತರ ತಪ್ಪಾದ್ರೂ ಪರವಾಗಿಲ್ಲ, ಸ್ಟೆಪ್ಸ್ ನನ್ನದೇ ಆಗಿರ್ಬೇಕು" ಎಂದೆ. ಹೇಳುವಾಗ ಧೈರ್ಯವಾಗಿಯೇ ಹೇಳಿದೆ.

ಆ ದಿನ ಒಲೆಯ ಮುಂದೆ ಆ ಧೈರ್ಯ ಎಲ್ಲಿ ಹೋಯಿತೋ ಕಾಣೆ. ದೊಡ್ಡ ಪಾತ್ರೆಯಲ್ಲಿ ಕುಂಬಳಕಾಯಿ ಹುಳಿ ಕುದಿಯುತ್ತಿತ್ತು. ನಡುಮನೆಯಲ್ಲಿ ನೆಂಟರ ಗಲಾಟೆ, ವಿಶಾಲುವಿನ ನಗು. ನೆಗಡಿ ವಾಸಿಯಾಗಿತ್ತು. ಉಪ್ಪು ಹಾಕಿ, ಕದಡಿ, ಮುಚ್ಚಳ ಎತ್ತಿ ಆವಿಯನ್ನು ಬೀಸಿಕೊಂಡೆ. ಇನ್ನೊಂದು ಚೂರು ಬೇಕು ಎಂದಿತು ಮೂಗು. ಯಾವಾಗಲೂ ಹಾಗೆಯೇ ಅನ್ನುತ್ತಿತ್ತು. ಕೈ ಬಿಗಿ ಹಿಡಿ ಎಂಬ ನಿಯಮದಂತೆ ನಾನು ಯಾವಾಗಲೂ ಅದರ ಬಾಯಿ ಮುಚ್ಚಿಸುತ್ತಿದ್ದೆ. ಆಗ ನನಗೆ ಫಳ್ಳೆಂದು ಹೊಳೆಯಿತು ನೋಡಿ! ಮೂಗು ಇಷ್ಟು ವರ್ಷವೂ ನಿಜವನ್ನೇ ಹೇಳುತ್ತಿತ್ತು. ಕಮ್ಮಿ ಇದೆ ಎಂದು ಅದು ಹೇಳಿದಾಗಲೆಲ್ಲ ಕಮ್ಮಿಯೇ ಇತ್ತು, ಇಲ್ಲದಿದ್ದರೆ ಇವರು ಬೆಳ್ಳಿ ಡಬ್ಬಿ ಯಾಕೆ ತೆರೆಯುತ್ತಿದ್ದರು? ಇವರ ಡಬ್ಬಿಯೇ ನನ್ನ ಮೂಗಿಗೆ ಸಾಕ್ಷಿ. ತಪ್ಪಿದ್ದು ಮೂಗಲ್ಲ, ಅದನ್ನು ನಂಬದ ನಾನು. ನನ್ನ ಎದೆ ಎರಡು ಅಂಗುಲ ಉಬ್ಬಿತು. "ಅತ್ತೆ, ಕ್ಷಮಿಸಿ" ಎಂದು ಮನಸ್ಸಿನಲ್ಲೇ ಹೇಳಿ, ಮೂಗು ಕೇಳಿದ ಚೂರನ್ನು ಹಾಕಿ, ಮತ್ತೆ ಆವಿ ಬೀಸಿಕೊಂಡೆ. ಮೂಗು ಸುಮ್ಮನಾಯಿತು.

ನೈವೇದ್ಯ ಮುಗಿದು ಬಾಗಿಲು ತೆರೆದಾಗ ಸಿಂಧು ಒಳಗಿನಿಂದಲೇ ಹೆಬ್ಬೆರಳೆತ್ತಿ ತೋರಿಸಿದಳು. ಮಾವ ಒಂದು ಕಾಳನ್ನೂ ಹಾಕಿಲ್ಲ ಎಂದರ್ಥ. ಪಾತ್ರೆಗಳು ಅಡುಗೆಮನೆಗೆ ವಾಪಸಾದವು. ವಿಶಾಲು ಸೆರಗು ಸಿಕ್ಕಿಸಿಕೊಂಡು, "ಅಕ್ಕಾ, ಬೆಳಗ್ಗಿಂದ ನಿಂತಿದೀರ, ಕೂತ್ಕೊಳ್ಳಿ, ಹುಳಿ ನಾನು ಬಡಿಸ್ತೀನಿ" ಎಂದು ಸ್ಟೀಲ್ ಬಕೆಟ್ಟಿಗೆ ತುಂಬಿಕೊಂಡು ಬಂದಳು. ನಾನು ಕಂಬಕ್ಕೆ ಒರಗಿ ನಿಂತು ಎಲೆಗಳನ್ನೇ ನೋಡುತ್ತಿದ್ದೆ. ಪರೀಕ್ಷೆಯ ಫಲಿತಾಂಶಕ್ಕೆ ಮಕ್ಕಳು ಹೇಗೆ ಕಾಯುತ್ತವೆಂದು ಅಷ್ಟು ವರ್ಷ ಪಾಠ ಹೇಳಿದರೂ ನನಗೆ ಗೊತ್ತಿರಲಿಲ್ಲ. ಇವರ ಸೋದರಮಾವ, ಹಲ್ಲಿಲ್ಲದಿದ್ದರೂ ನಾಲಿಗೆ ಚುರುಕಾಗಿರುವ ಹಿರಿಯರು, ಮೊದಲ ತುತ್ತು ನುಂಗಿ, "ಪದ್ಮಾ, ಹುಳಿ ಅಂದ್ರೆ ಇದಮ್ಮ! ಇನ್ನೊಂದು ಸೌಟು ಹಾಕ್ಸು" ಎಂದರು. ಪಂಕ್ತಿಯ ಉದ್ದಕ್ಕೂ ಸೊರ ಸೊರ ಸದ್ದು. ಎಲೆತುದಿಯ ಉಪ್ಪನ್ನು ಒಬ್ಬರೂ ಮುಟ್ಟಲಿಲ್ಲ. ನಾನು ಇವರ ಕಡೆ ನೋಡಿದ ನೋಟವನ್ನು ನೀವು ನೋಡಬೇಕಿತ್ತು. ಇವರು ತಲೆ ತಗ್ಗಿಸಿ ಪಲ್ಯವನ್ನು ಬಹಳ ಶ್ರದ್ಧೆಯಿಂದ ತಿನ್ನುತ್ತಿದ್ದರು.

ಗೆದ್ದವಳ ನಡಿಗೆಯಲ್ಲಿ, ತುಪ್ಪ ತರೋಣವೆಂದು ಅಡುಗೆಮನೆಗೆ ಹೋದೆ. ಎರಡನೇ ಸಲ ಬಕೆಟ್ ತುಂಬಿಕೊಂಡಿದ್ದ ವಿಶಾಲು ನನಗೆ ಬೆನ್ನು ಹಾಕಿ ನಿಂತಿದ್ದಳು. ಅಂಗೈಯಲ್ಲಿ ಹುಳಿ, ಸೊರ್ರೆಂದು ನೆಕ್ಕಿದಳು. ಇನ್ನೊಂದು ಕೈ ಉಪ್ಪಿನ ಡಬ್ಬಿಯಲ್ಲಿತ್ತು. ಬೆರಳುಗಳಿಂದ ಬಕೆಟ್ಟಿಗೆ ಉದುರಿಸಿ, ಕಲಕಿ, ತಿರುಗಿದಳು. ನನ್ನನ್ನು ಕಂಡು ಅವಳ ಮುಖ ಬಿಳುಚಿಕೊಂಡಿತು.

"ಅಯ್ಯೋ ಅಕ್ಕಾ!"

"ಏನೇ ಮಾಡ್ತಿದೀಯ ವಿಶಾಲು?"

"ಭಾವ ನಿನ್ನೆ ಫೋನ್ ಮಾಡಿದ್ರು. ನನ್ನ ಡಬ್ಬಿ ಕಿತ್ಕೊಂಡ್ಬಿಟ್ಟಿದಾಳೆ, ಬಡಿಸೋ ಮುಂಚೆ ನೀನೇ ಒಂದ್ಸಲ ನೋಡ್ಬಿಡಮ್ಮ, ನಿನಗಾದ್ರೆ ರುಚಿ ನೋಡೋ ಅಭ್ಯಾಸ ಇದೆ ಅಂತ. ಬೇಜಾರ್ ಮಾಡ್ಕೋಬೇಡಿ ಅಕ್ಕ. ಒಂದು ಚೂರೇ ಚೂರು, ಮೊದಲ್ನೇ ಬಕೆಟ್ಟಿಗೂ ಅಷ್ಟೇ."

"ಕಮ್ಮಿ ಇತ್ತಾ?" ಎಂದು ಕೇಳಿದೆ.

"ನನ್ನ ನಾಲಿಗೆಗೆ ಹಾಗನ್ನಿಸ್ತು. ನಮ್ಮನೇಲಿ ಉಪ್ಪು ಒಂಚೂರು ಮುಂದಾಗೇ ತಿಂತೀವಲ್ಲ."

"ಹಾಕ್ದೇ ಇದ್ದಿದ್ರೆ ಮುಂದಿನ ವರ್ಷ ಊಟ ನಿಮ್ಮನೆಗೇ ಬರ್ತಿತ್ತಲ್ಲೇ!"

"ಬರ್ತಿತ್ತು," ಎಂದಳು ವಿಶಾಲು. ಅವಳಿಗೆ ಸ್ವಲ್ಪ ಕೋಪವೇ ಬಂತು. "ಆದ್ರೆ ನಮ್ಮ ತವರಲ್ಲೆಲ್ಲ, ನಮ್ಮ ಕ್ರಾಸಲ್ಲೆಲ್ಲ, ನಮ್ಮಕ್ಕ ರುಚಿ ನೋಡ್ದೆ ಉಪ್ಪು ಹೇಳ್ತಾರೆ ಅಂತ ಇಷ್ಟು ವರ್ಷ ನಾನೇ ಹೇಳ್ಕೊಂಡು ಬಂದಿದೀನಿ. ಈಗ ನನ್ನ ಮಾತು ಸುಳ್ಳಾಗ್ಬೇಕಾ?"

ನನಗೆ ಅಳು ಬಂತು. ನಾನು ಜಂಬ ಕೊಚ್ಚಿದ್ದು, ಅಲ್ಲ, ಹೆಮ್ಮೆಪಟ್ಟದ್ದು ಚಾಮರಾಜಪೇಟೆಯಲ್ಲಿ ಮಾತ್ರ. ಮಲ್ಲೇಶ್ವರದಲ್ಲಿ ಆ ಕೆಲಸವನ್ನು ಇವಳು ಮಾಡುತ್ತಿದ್ದಳು. ಹೊರಗೆ ಯಾರೋ ಹುಳಿ ಹುಳಿ ಎಂದು ಕೂಗುತ್ತಿದ್ದರು. ಆಗ ನನ್ನ ಕಣ್ಣು ಒಲೆಯ ಪಕ್ಕದ ದೊಡ್ಡ ಪಾತ್ರೆಯ ಮೇಲೆ ಬಿತ್ತು. ವಿಶಾಲು ಉಪ್ಪು ಹಾಕಿದ್ದು ಬಕೆಟ್ಟಿಗೆ. ಪಾತ್ರೆಯಲ್ಲಿ ಇನ್ನೂ ಅರ್ಧ ಹುಳಿಯಿತ್ತು, ನನ್ನ ಮೂಗು ಹೇಳಿದಷ್ಟೇ ಉಪ್ಪಿರುವ, ಅಪ್ಪಟ ನನ್ನ ಹುಳಿ. ನೈವೇದ್ಯವಾಗಿತ್ತು, ರುಚಿ ನೋಡಲು ಅಡ್ಡಿಯಿರಲಿಲ್ಲ. ಒಂದು ತೊಟ್ಟು ಅಂಗೈಗೆ ಹಾಕಿಕೊಂಡರೆ ಸಾಕು, ಸರಿಯಿತ್ತೋ ಕಮ್ಮಿಯಿತ್ತೋ ತಿಳಿದುಹೋಗುತ್ತಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಬೇರೆ ಹೇಳಿದ್ದಾರೆ. ಜೀವನವಿಡೀ ಸ್ಟೆಪ್ಸ್ ತೋರಿಸು ಎಂದವಳು ನಾನು. ಸೌಟು ಕೈಗೆತ್ತಿಕೊಂಡೆ.

ಸೌಟನ್ನು ವಿಶಾಲುವಿನ ಕೈಗೆ ಕೊಟ್ಟೆ. "ಪಾತ್ರೇಲಿರೋದಕ್ಕೂ ಹಾಕಿ ಕಲಕಿಬಿಡು. ಒಂದೊಂದು ಬಕೆಟ್ಟಿಗೆ ಒಂದೊಂದು ಥರ ಆಗೋದು ಬೇಡ" ಎಂದೆ. ಅವಳು ಹಾಕಿ ಕಲಕಿದಳು. ಅಲ್ಲಿಗೆ ನನ್ನ ಮೂಗಿನ ಪರವಾಗಿಯೋ ವಿರುದ್ಧವಾಗಿಯೋ ಇದ್ದ ಒಂದೇ ಒಂದು ಸಾಕ್ಷ್ಯ ಮೂವತ್ತು ಜನರ ಹೊಟ್ಟೆಗೆ ಹೊರಟುಹೋಯಿತು. ಮಲ್ಲೇಶ್ವರದವರ ನಾಲಿಗೆಗೆ ಉಪ್ಪು ಸ್ವಲ್ಪ ಮುಂದಾಗಿಯೇ ಬೇಕು ಎಂದು ಅವಳೇ ಒಪ್ಪಿಕೊಂಡಿದ್ದಾಳೆ, ಅದನ್ನು ಮಾತ್ರ ನಾನು ಮರೆತಿಲ್ಲ.

ಊಟವಾಗಿ, ತಾಂಬೂಲವಾಗಿ, ವಿಶಾಲು ಮೆಟ್ರೋ ಹಿಡಿಯಲು ಹೊರಡುವಾಗ ಎಲ್ಲರ ಮುಂದೆ, "ಮುಂದಿನ ವರ್ಷಾನೂ ಇಲ್ಲೇ ಅಕ್ಕ, ಈ ಉಪ್ಪು ನಮ್ಮ ಕಡೆ ಸಿಗಲ್ಲ" ಎಂದಳು. ಮುಖದ ಮೇಲೆ ಒಂದು ಗೆರೆಯೂ ಅಲ್ಲಾಡಲಿಲ್ಲ. ಅಂಥ ಓರಗಿತ್ತಿಯನ್ನು ಪಡೆದ ಹೆಮ್ಮೆಯೂ ನನ್ನ ಹೆಮ್ಮೆಗಳ ಜೊತೆ ಸೇರಿಕೊಂಡಿತು. ಬೇರೆಯವರು ತಮ್ಮ ಹೆಸರನ್ನು ತಾವೇ ಉಳಿಸಿಕೊಳ್ಳಬೇಕು. ನನ್ನದನ್ನು ಉಳಿಸಲು ಗಂಡ ದೇವರ ಮನೆಯಲ್ಲಿ, ಓರಗಿತ್ತಿ ಅಡುಗೆಮನೆಯಲ್ಲಿ, ಅತ್ತೆ ಸ್ವರ್ಗದಲ್ಲಿ ನಿಂತಿದ್ದಾರೆಂದರೆ ಅದು ಎಷ್ಟು ದೊಡ್ಡ ಹೆಸರಾಗಿರಬೇಕು! ರಾತ್ರಿ ಪಾತ್ರೆ ಒರೆಸುತ್ತಾ, ಬಕೆಟ್ಟಿನ ವಿಷಯ ಏನೂ ಅರಿಯದ ಸಿಂಧು ಕೇಳಿದಳು. "ನೀವೇ ಗೆದ್ರಿ ಅತ್ತೆ! ಸೋಮವಾರ ಕ್ಲಾಸಲ್ಲಿ ಹೇಳೇ ಹೇಳ್ತೀನಿ. ಈಗ ಹೇಳಿ, ಉಪ್ಪು ಸರಿ ಇದೆ ಅಂತ ಹೇಗೆ ಗೊತ್ತಾಯ್ತು ನಿಮಗೆ?" ಇವರು ಪೇಪರಿನ ಹಿಂದೆ ಕೆಮ್ಮಿದರು. ನಾನು ತಡವರಿಸದೆ "ವಾಸನೇಲಿ" ಎಂದೆ.

ಗೌರಿಹಬ್ಬ ಹತ್ತಿರ ಬಂದಿದೆ. ಬೆಳ್ಳಿ ಡಬ್ಬಿಯನ್ನು ಬೀರುವಿನಿಂದ ತೆಗೆದು, ಹುಣಿಸೆಹಣ್ಣು ಹಾಕಿ ತಿಕ್ಕಿ, ಖಾಲಿಯನ್ನೇ ಅರಿಶಿನದ ಬಟ್ಟಲ ಪಕ್ಕ ಇಟ್ಟುಬಂದಿದ್ದೆ. ನಿನ್ನೆ ದೇವರ ಮನೆ ಒರೆಸುವಾಗ ಎತ್ತಿ ನೋಡಿದರೆ ಭಾರವಾಗಿದೆ. ಅದರೊಳಗಿರುವುದು ಪಚ್ಚಕರ್ಪೂರ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಮುಚ್ಚಳ ತೆಗೆದು ನೋಡಿಲ್ಲ.